ಅಂಬಣ್ಣನವರ ಎಲೆ ದವಾಖಾನೆ

ಅಂಬಣ್ಣನವರು ಎಲೆಯನ್ನು ಮೊದಲು ಬೆಳಕಿಗೆ ಹಿಡಿಯುತ್ತಾರೆ. ಎರಡೇ ಬೆರಳಿನಲ್ಲಿ ಅದರ ಅಂಚು ಹಿಡಿದು, ತೋಳು ಉದ್ದಕ್ಕೆ ಚಾಚಿ, ಕನ್ನಡಕವನ್ನು ಹಣೆಗೇರಿಸಿ, ಎಡಗಣ್ಣು ಮುಚ್ಚುತ್ತಾರೆ. ಆಮೇಲೆ ಗಂಭೀರವಾಗಿ "ಉಸಿರು ಹಿಡೀರಿ" ಎನ್ನುತ್ತಾರೆ. ಹಿಡಿಯಬೇಕಾದದ್ದು ಗಿಡವೋ ಗಿಡ ತಂದವರೋ ಎಂದು ಯಾರೂ ಕೇಳಿದ್ದಿಲ್ಲ. ನಾನಂತೂ ಹಿಡಿದಿದ್ದೇನೆ. ಅವರು "ಬಿಡ್ರಿ" ಎನ್ನುವುದನ್ನು ಮರೆತಾಗ ಒದ್ದಾಡಿದ್ದೂ ಇದೆ.

ಇದು ಅವರ ನೌಕರಿಯಿಂದ ಬಂದ ಚಟ. ಅಮೀರ್‌ಪೇಟೆಯ ಒಂದು ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಎಕ್ಸ್‌ರೇ ತೆಗೆದವರು. ಲಿಂಗಸುಗೂರಿನ ಕಡೆಯ ಹಳ್ಳಿಯಿಂದ ಬಂದು, ಕತ್ತಲೆ ಕೋಣೆಯಲ್ಲಿ ಅರ್ಧ ಹೈದರಾಬಾದಿನ ಎಲುಬು ನೋಡಿ, ಈಗ ಕೊಂಡಾಪುರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಗಳು ಸೌಂದರ್ಯಾಳ ಮನೆಯಲ್ಲಿದ್ದಾರೆ. ಆ ಮೂವತ್ತೊಂದು ವರ್ಷದಲ್ಲಿ ಅವರಿಗೆ ಒಂದೇ ಒಂದು ಕಟ್ಟಳೆ ಇತ್ತಂತೆ. ಫಿಲ್ಮಿನಲ್ಲಿ ಏನೇ ಕಂಡರೂ ರೋಗಿಗೆ ಹೇಳುವಂತಿಲ್ಲ. ಮುರಿದ ಮೂಳೆ ಅವರ ಕಣ್ಣಿಗೇ ಮೊದಲು ಬೀಳುತ್ತಿತ್ತು, ಶ್ವಾಸಕೋಶದ ಕಲೆಯೂ ಅವರಿಗೇ ಮೊದಲು ಕಾಣುತ್ತಿತ್ತು. ಬಾಯಿಂದ ಬರಬೇಕಾದದ್ದು ಮಾತ್ರ "ಡಾಕ್ಟ್ರು ಹೇಳ್ತಾರ್ರಿ" ಎಂಬ ಎರಡು ಪದ.

"ಹೊಟ್ಟಿ ಉಬ್ಬಿ ಬಿಟ್ಟಿತ್ರಿ ರಾಯರ, ಹೇಳಲಾರದ ಮಾತು ತುಂಬಿ ತುಂಬಿ" ಎಂದು ಅವರು ನನಗೊಮ್ಮೆ ಹೇಳಿದ್ದರು. ನಿವೃತ್ತಿಯಾದ ಮೇಲೆ ಅವರು ದಪ್ಪ ಎಲೆಯ ಗಿಡಗಳ ಹಿಂದೆ ಬಿದ್ದದ್ದಕ್ಕೆ ನನಗೆ ತಿಳಿದಂತೆ ಇದೇ ಕಾರಣ. ಸಕ್ಯುಲೆಂಟ್ ಎನ್ನುತ್ತಾರಲ್ಲ, ಎಲೆಯ ಹೊಟ್ಟೆಯಲ್ಲೇ ನೀರು ಕಟ್ಟಿಕೊಂಡು ಬದುಕುವ ಜಾತಿ, ನಮ್ಮ ಲೋಳೆಸರದ, ಕಾಡುಬಸಳೆಯ ದೂರದ ನೆಂಟರು. ಬೆಳಕಿಗೆ ಹಿಡಿದರೆ ಆ ಎಲೆ ತನ್ನ ಸ್ಥಿತಿಯನ್ನೆಲ್ಲ ತೋರಿಸಿಬಿಡುತ್ತದೆ. ಮತ್ತು ಅದನ್ನು ಬಾಯಿ ತುಂಬ ಹೇಳಲು ಯಾವ ಡಾಕ್ಟರನ್ನೂ ಕಾಯಬೇಕಿಲ್ಲ.

ಭಾನುವಾರ ಬೆಳಗ್ಗೆ ಒಂಬತ್ತರಿಂದ ಹನ್ನೊಂದು ಅವರ ದವಾಖಾನೆ. ಮನೆ ಬಾಗಿಲಾಚೆಯ ಮೊಗಸಾಲೆಯಲ್ಲಿ ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಭೂತಗನ್ನಡಿ, ಸ್ಪಿರಿಟ್ ಸೀಸೆ, ಕಿವಿಗೆ ಹಾಕುವ ಹತ್ತಿ ಕಡ್ಡಿ. ಕಂಪ್ಯೂಟರ್ ಕೆಲಸದ ಹುಡುಗ ಹುಡುಗಿಯರು ಅಂಗೈಯಗಲದ ಕುಂಡಗಳನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು ಸಾಲಾಗಿ ನಿಲ್ಲುತ್ತಾರೆ. ಅವರೊಂದಿಗೆ ಅಂಬಣ್ಣನವರದು ತೆಲುಗು, ಹಿಂದಿ. ಎಲೆ ಸುಕ್ಕುಗಟ್ಟಿ ಮೆತ್ತಗಾಗಿದ್ದರೆ ನೀರಡಿಕೆ. ಹಳದಿಯಾಗಿ, ಗಾಜಿನ ಹಾಗೆ ಪಾರದರ್ಶಕವಾಗಿ, ಮುಟ್ಟಿದರೆ ಉದುರುವಂತಿದ್ದರೆ ನೀರು ಹೆಚ್ಚಾಗಿದೆ. ಒಣಗಿದ ಕಂದು ಮಚ್ಚೆ ಬಿಸಿಲಿನದು. ಕುತ್ತಿಗೆ ಉದ್ದ ಮಾಡಿಕೊಂಡು ಎಲೆಗಳು ದೂರ ದೂರ ಹೊರಟಿದ್ದರೆ ಬೆಳಕಿಲ್ಲದ ಮೂಲೆಯಲ್ಲಿಟ್ಟಿದ್ದೀರಿ. ಅವರು ಇದನ್ನೆಲ್ಲ ಹೇಳುವಾಗ ಮುಖದಲ್ಲಿ ಕಾಣುವ ಸುಖವನ್ನು ನಾನು ಮದುವೆ ಊಟದ ಎರಡನೇ ಪಂಕ್ತಿಯಲ್ಲಿ ಕೂತವರ ಮುಖದಲ್ಲಿ ಮಾತ್ರ ಕಂಡಿದ್ದೇನೆ.

ನಾನು ಎದುರು ಮನೆಯವನು, ಅವರ ಖಾಯಂ ಗಿರಾಕಿ. ಯಾರ ಕೈಯಲ್ಲೂ ಸಾಯದ ಗಿಡವೆಂದು ನರ್ಸರಿಯವನು ಆಣೆಯಿಟ್ಟು ಕೊಟ್ಟದ್ದನ್ನು ನಾನು ಹದಿನೆಂಟು ದಿನದಲ್ಲಿ ಸಾಯುವ ಸ್ಥಿತಿಗೆ ತಂದಿದ್ದೆ. ಅಂಬಣ್ಣನವರು ಅದನ್ನು ತಿರುತಿರುಗಿಸಿ ನೋಡಿ, "ಇದಕ್ಕ ರೋಗ ಏನೂ ಇಲ್ರಿ ರಾಯರ. ಇದಕ್ಕ ನೀವಿದ್ದೀರಿ" ಎಂದರು. ನನ್ನ ಹೆಂಡತಿ ಉಷಾ ಇವತ್ತಿಗೂ ಆ ಮಾತನ್ನು ನೆಂಟರ ಮುಂದೆ ಹೇಳುತ್ತಾಳೆ.

ನಾನೂ ಕನ್ನಡದವನೇ, ಮೈಸೂರು ಕಡೆಯವನು. ಆದರೆ ಅಂಬಣ್ಣನವರಿಗೆ ನನ್ನ ಕನ್ನಡ ಲೆಕ್ಕಕ್ಕಿಲ್ಲ. "ನಿಮ್ದು ರೇಡಿಯೋ ಕನ್ನಡರಿ. ಕೇಳಾಕ ಚಂದ ಐತಿ, ಆದ್ರ ತಿರುಗಿ ಮಾತಾಡಬೇಕು ಅನಸಂಗಿಲ್ಲ" ಎಂದು ಮುಖಕ್ಕೇ ಹೇಳಿಬಿಟ್ಟಿದ್ದಾರೆ. ಇಪ್ಪತ್ತು ವರ್ಷದಿಂದ ಅದೇ ಕನ್ನಡದಲ್ಲಿ ಹಾಸ್ಯ ಬರೆದು ಬದುಕುತ್ತಿರುವವನಿಗೆ ಇದಕ್ಕಿಂತ ಚೊಕ್ಕ ವಿಮರ್ಶೆ ಸಿಕ್ಕಿಲ್ಲ.

ಆರು ವರ್ಷದ ಹಿಂದೆ ಅವರ ಹೆಂಡತಿ ಶಿವದೇವಮ್ಮ ತೀರಿಕೊಂಡರು. ಅವರೊಂದಿಗೆ ಆ ಮನೆಯಿಂದ ಒಂದು ಮಾತಿನ ರೀತಿಯೂ ಹೊರಟುಹೋಯಿತು. ಅಳಿಯ ತೆಲುಗಿನವನು, ಒಳ್ಳೆಯ ಮನುಷ್ಯ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ತೆಲುಗಿನಲ್ಲಿ ಬರುತ್ತದೆ. "ನಾನ್ನಾ, ಲಂಚ್ ರೆಡಿ" ಎನ್ನುತ್ತಾಳೆ. ಕಾಳಜಿಗೇನೂ ಕೊರತೆಯಿಲ್ಲ. ಆದರೂ "ಉಣ್ಣಾಕ ಏಳ್ರಿ, ಎಷ್ಟೊತ್ತು ಕರೀಲಿ?" ಎಂದು ಬೈಸಿಕೊಂಡು ಉಂಡು ಅಭ್ಯಾಸವಾದವರಿಗೆ ಲಂಚ್ ರೆಡಿಯಾದರೆ ಹಸಿವು ಹುಟ್ಟುವುದಿಲ್ಲವೆಂದು ಕಾಣುತ್ತದೆ.

ಹೀಗಿರುವಾಗ ಫೆಬ್ರವರಿಯ ಒಂದು ಭಾನುವಾರ, ಸಾಲಿನ ಕೊನೆಯಲ್ಲಿ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ನಿಂತಿದ್ದರು. ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಒಂದು ಮಣ್ಣಿನ ಕುಂಡ. ತಮ್ಮ ಸರದಿ ಬಂದಾಗ ಅವರು ಹರಕು ತೆಲುಗಿನಲ್ಲಿ ಏನೋ ಹೇಳಲು ಹೊರಟು, ಮಾತು ಸಿಗದೆ, "ಇದರೌನ, ಏನಂತಾರದಕ್ಕ…" ಎಂದು ಗೊಣಗಿದರು.

ಅಂಬಣ್ಣನವರ ಕೈಯಲ್ಲಿದ್ದ ಭೂತಗನ್ನಡಿ ಮೇಜಿಗೆ ಬಿತ್ತು.

"ಯಾವೂರ್ರಿ ನಿಮ್ದು?"

"ಮುದ್ದೇಬಿಹಾಳರಿ. ನಿಮ್ದು?"

"ಲಿಂಗಸುಗೂರ ಕಡೇರಿ. ಹೊಳಿ ಈ ಕಡಿ ದಂಡಿ."

"ಹೌದೇನ್ರಿ? ಹಂಗಾರ ಮೊದಲ ಹೇಳಬಾರದೇನ್ರಿ? ಇಷ್ಟೊತ್ತನ ತೆಲುಗು ಜೋಡಿಸಿಕೋತ ನಿಂತಿದ್ದೆ, ಬೆವತುಬಿಟ್ಟೆ!"

ಅವರು ಉಮಾಬಾಯಿ. ನಮ್ಮ ಆವರಣದಲ್ಲೇ ಸಿ ಬ್ಲಾಕಿನಲ್ಲಿ ಮಗ ಮಹೇಶಕುಮಾರನ ಮನೆ. ಗಂಡ ತೀರಿದ ಮೇಲೆ, ಒಂದು ವರ್ಷದ ಹಿಂದೆ ಬಂದವರು. ಕುಂಡದಲ್ಲಿದ್ದದ್ದು ಎಚೆವೇರಿಯಾ ಎಂಬ ಗಿಡ. ದಪ್ಪ ಎಲೆಗಳನ್ನು ಸುತ್ತ ಜೋಡಿಸಿಕೊಂಡು ಅರಳಿದ ಹೂವಿನ ಹಾಗೆ ಕೂರುತ್ತದೆ. ಜನವರಿಯಲ್ಲಿ ನಾಂಪಲ್ಲಿ ಎಕ್ಸಿಬಿಷನ್ನಿಗೆ ಹೋದಾಗ, ಎಲ್ಲರೂ ಬಟ್ಟೆಯಂಗಡಿ ಹೊಕ್ಕರೆ ಇವರು ಇದರ ಮುಂದೆ ನಿಂತುಬಿಟ್ಟರಂತೆ.

"ಕಮಲ ಇದ್ದಂಗ ಐತಿ ನೋಡ್ರಿ. ಅದಕ್ಕ ತಂದೆ. ಈಗ ನೋಡಿದ್ರ ದಿನಕ್ಕೊಂದು ಎಲಿ ಉದರಾಕತ್ತೈತಿ. ಇದೊಂದು ಹೋಗಬಾರದ್ರಿ. ಮನ್ಯಾಗ ಮಣ್ಣು ಅಂತ ಇರೂದು ಇದೊಂದ ಕುಂಡದಾಗ."

ಅಂಬಣ್ಣನವರು ಒಂದು ಎಲೆಯನ್ನು ಬೆಳಕಿಗೆ ಹಿಡಿದರು. ಉಸಿರು ಹಿಡಿಯಿರಿ ಎನ್ನಲಿಲ್ಲ, ಮರೆತರು. ಎಲೆ ಹಳದಿ ತಿರುಗಿ, ಒಳಗಿನ ನೀರೆಲ್ಲ ಕಾಣುತ್ತಿತ್ತು. ಎಲೆಗಳ ಬುಡದಲ್ಲಿ ಬಿಳಿ ಪುಡಿ ಕೂತಿತ್ತು. ಅದನ್ನು ನೋಡಿ ನಾನು ಕಲಿತ ವಿದ್ಯೆ ತೋರಿಸಲು "ಹಿಟ್ಟುತಿಗಣೆ!" ಎಂದೆ. ಹತ್ತಿಯ ಉಂಡೆಯ ಹಾಗೆ ಕಾಣುವ, ರಸ ಹೀರುವ ಹುಳ ಅದು. ಸ್ಪಿರಿಟ್ ಮುಟ್ಟಿಸಿದರೆ ಸಾಯುತ್ತದೆ. ಅಂಬಣ್ಣನವರು ಭೂತಗನ್ನಡಿಯಲ್ಲಿ ನೋಡಿದರು. ಹತ್ತಿ ಕಡ್ಡಿಯಲ್ಲಿ ಮುಟ್ಟಿದರು. ಪುಡಿಯನ್ನು ಬೆರಳಲ್ಲಿ ತಿಕ್ಕಿ ಮೂಸಿದರು. ಒಂದು ಕ್ಷಣ ಉಮಾಬಾಯಿಯವರ ಹಣೆ ನೋಡಿದರು.

"ಏನಾಗೈತ್ರಿ ಇದಕ್ಕ?"

ಗೊತ್ತಾದದ್ದನ್ನು ಗೊತ್ತಾದ ಕೂಡಲೇ ಹೇಳುವ ಹಕ್ಕನ್ನು ಅರವತ್ತನೇ ವಯಸ್ಸಿನಲ್ಲಿ ಸಂಪಾದಿಸಿದ ಮನುಷ್ಯ ಅಂದು ಕೆಮ್ಮಿದರು. "ಇಷ್ಟ ಲಗೂನ ಹೇಳಾಕ ಬರಂಗಿಲ್ರಿ. ಬರೂ ಐತ್ವಾರ ತರ್ರಿ, ನೋಡೂಣು."

ಮುಂದಿನ ಭಾನುವಾರ ಕುಂಡ ಬಂತು. ಅಂಬಣ್ಣನವರು ಅದನ್ನು ಬಿಸಿಲು ಬರುವ ಕಿಟಕಿಗೆ ಬದಲಿಸಲು ಹೇಳಿದರು. ಅದರ ಮುಂದಿನ ಭಾನುವಾರ ಮೇಲ್ಮಣ್ಣು ಕೆದರಿ ಒಂದು ಹಿಡಿ ಮರಳು ಬೆರೆಸಿದರು. ಎರಡೂ ತಪ್ಪಲ್ಲ, ಎರಡೂ ಮದ್ದೂ ಅಲ್ಲ. ಕೆಲಸ ಐದು ನಿಮಿಷದ್ದು, ಮಾತು ಒಂದು ತಾಸಿನದು. ಗಿಡ ಹಿಡಿದುಕೊಂಡು ಬಂದರೆ ಹೆಂಗಸೊಬ್ಬರು ಹೆಂಡತಿಯಿಲ್ಲದವರ ಬಾಗಿಲಲ್ಲಿ ಕೂತು ಮಾತಾಡಬಹುದು, ಯಾರೂ ಏನೂ ಅನ್ನುವುದಿಲ್ಲ. ಗಿಡವಿಲ್ಲದೆ ಬಂದರೆ ನಾಲ್ಕು ಬ್ಲಾಕಿನ ಬಾಲ್ಕನಿಗಳಿಗೂ ಕಣ್ಣು ಮೂಡುತ್ತದೆ.

ಮಾತೆಂದರೆ ದೊಡ್ಡ ಮಾತೇನಲ್ಲ. ಹೊಳೆಯ ಆಚೆಯವರು ಹೆಚ್ಚೋ ಈಚೆಯವರು ಹೆಚ್ಚೋ ಎಂಬ ಜಗಳ.

"ನಿಮ್ಮ ಕಡಿ ಮಂದಿ ಮಜ್ಜಿಗಿಗೆ ನೀರು ಹಾಕಂಗಿಲ್ರಿ, ನೀರಿಗೆ ನಾಕ ಹನಿ ಮಜ್ಜಿಗಿ ಹಾಕ್ತೀರಿ. ನಮ್ಮ ಸ್ವಾದರತ್ತಿ ಮನ್ಯಾಗ ಕುಡದು ನೋಡೀನಿ" ಎಂದು ಉಮಾಬಾಯಿ.

"ಕುಡಿಯಾಕರ ಕೊಟ್ವೆಲ್ರಿ. ನಿಮ್ಮೂರಿಗೆ ಬಂದ್ರ ಬರೀ ಕುಂದ್ರಸಿ ಮಾತಾಡಸಿ ಕಳಸ್ತೀರಿ!" ಎಂದು ಅಂಬಣ್ಣ.

"ನಿಮ್ಮ ಸುದ್ದಿ ಕೇಳಿದ ಮ್ಯಾಲ ಯಾರು ಕೊಡ್ತಾರ್ರಿ?"

ನಾನು ನಡುವೆ ಬಾಯಿ ಹಾಕಿದರೆ ಇಬ್ಬರೂ ಒಟ್ಟಾಗಿ ನನ್ನತ್ತ ತಿರುಗಿ, ವಾರ್ತೆ ಮುಗಿಯಲೆಂದು ಕಾಯುವವರ ಹಾಗೆ ಸುಮ್ಮನಿದ್ದು, ಮತ್ತೆ ತಮ್ಮ ಹೊಳೆ ದಂಡೆಗೆ ಮರಳುತ್ತಿದ್ದರು.

ಮೂರನೇ ಭಾನುವಾರ ಕಳೆದು ಎರಡು ದಿನಕ್ಕೆ ನಾನು ಒಂದು ಶೋಧ ಮಾಡಿದೆ. ಬೆಳಗ್ಗೆ ಹಾಲು ತರಲು ಹೋದವನು ತಲೆಯೆತ್ತಿ ನೋಡಿದರೆ, ಸಿ ಬ್ಲಾಕಿನ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಉಮಾಬಾಯಿ ಒದ್ದೆ ಕೂದಲಲ್ಲಿ ನಿಂತು, ತಂಬಿಗೆಯಿಂದ ಬೆಳ್ಳಗಿನ ನೀರನ್ನು ಕಮಲದ ನಡುನೆತ್ತಿಗೆ ಸುರಿಯುತ್ತಿದ್ದರು. ಸುರಿದು ಕುಂಡಕ್ಕೆ ಕೈ ಮುಗಿದರು. ದೇವರಿಗೆ ಜಳಕ ಮಾಡಿಸಿದ ನೀರು ಅದು. ಹಾಲು ಬೆರೆತದ್ದು, ವಿಭೂತಿ ಕರಗಿದ್ದು. ಕಾಲು ತುಳಿಯುವಲ್ಲಿ ಚೆಲ್ಲುವ ಹಾಗಿಲ್ಲ. ಊರಿನಲ್ಲಾದರೆ ಬಿಲ್ವದ ಬುಡ, ತುಳಸಿ ಕಟ್ಟೆ ಇರುತ್ತಿತ್ತು. ಎರಡನೇ ಮಹಡಿಯಲ್ಲಿ ಇದ್ದದ್ದು ಇದೊಂದೇ ಕುಂಡ, ಅದೂ ಕಮಲದ ಆಕಾರದ್ದು. ಎಲ್ಲಿಂದಲೋ ಬಂದ ಈ ಮರುಭೂಮಿಯ ಗಿಡ, ಹದಿನೈದು ದಿನಕ್ಕೊಮ್ಮೆ ನೀರು ಸಾಕೆನ್ನುವ ಗಿಡ, ದಿನಾ ಅಭಿಷೇಕ ಮಾಡಿಸಿಕೊಂಡು ಕೊಳೆಯುತ್ತಿತ್ತು.

ಹಾಲಿನ ಪೊಟ್ಟಣ ಹಿಡಿದುಕೊಂಡೇ ಅಂಬಣ್ಣನವರ ಬಾಗಿಲು ಬಡಿದು ಎಲ್ಲ ಹೇಳಿದೆ.

"ಗೊತ್ತೈತ್ರಿ" ಎಂದರು.

"ಗೊತ್ತಿದೆಯಾ! ಯಾವಾಗಿನಿಂದ?"

"ಮೊದಲನೇ ಐತ್ವಾರದಿಂದ. ನನ್ನ ಹಣ್ಯಾಗೂ ಇರೂ ವಿಭೂತಿ ವಾಸನಿ ನನಗ ಗೊತ್ತಾಗಂಗಿಲ್ಲೇನ್ರಿ?"

"ಮತ್ತೆ ಹೇಳಲಿಲ್ಲವಲ್ಲ?"

ಅವರು ಬಾಗಿಲ ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆಯುತ್ತ ನಿಂತರು. "ಹೇಳಿದ್ರ ಆಕಿ ನೀರು ನಿಲ್ಲಸ್ತಾಳ್ರಿ. ಗಿಡ ಚಲೋ ಆಗ್ತೈತಿ. ಚಲೋ ಆದ ಗಿಡ ಯಾರು ತಗೊಂಡು ಬರ್ತಾರ್ರಿ?" ಆಮೇಲೆ, "ಇನ್ನ ಒಂದ ವಾರ. ಬರೂ ಐತ್ವಾರ ಹೇಳಿಬಿಡ್ತೀನಿ. ತಡೀತೈತ್ರಿ ಗಿಡ" ಎಂದರು.

ಎಲೆ ನೋಡುವುದರಲ್ಲಿ ಅಂಬಣ್ಣನವರು ತಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾಲ್ಕನೇ ಭಾನುವಾರ ಕುಂಡದಲ್ಲಿ ಉಳಿದದ್ದು ನಾಲ್ಕು ಎಲೆ. ದಂಟು ಬುಡದಿಂದ ಕಪ್ಪಾಗಿ, ಮುಟ್ಟಿದರೆ ಬೆಂದ ಬದನೆಕಾಯಿಯ ಹಾಗೆ ಒಳಹೋಗುತ್ತಿತ್ತು. ಹುಳಿತ ಹಾಲಿನ ವಾಸನೆ ನನಗೂ ಬಂತು. ಅಂದು ಮಜ್ಜಿಗೆಯ ಜಗಳ ನಡೆಯಲಿಲ್ಲ. ಅಂಬಣ್ಣನವರು ತಲೆ ತಗ್ಗಿಸಿ, ನೀರಿನ ವಿಷಯವನ್ನು ಹೇಳಿದರು.

ಉಮಾಬಾಯಿ ಕುಂಡವನ್ನು ತಮ್ಮತ್ತ ಎಳೆದುಕೊಂಡರು. "ಹಂಗಾರ ದೇವರ ನೀರ ಹಾಕಿ ನಾನ ಕೊಂದೆ ಅಂದಂಗಾತು."

"ದೇವರ ತಪ್ಪಲ್ರಿ, ನಿಮ್ಮ ತಪ್ಪೂ ಅಲ್ಲ. ದಿನಾ ಬಿತ್ತಲ್ರಿ, ಅದಕ್ಕ…"

"ಮೊದಲನೇ ದಿನ ಗೊತ್ತಾಗಲಿಲ್ಲೇನ್ರಿ ನಿಮಗ? ಇಷ್ಟ ದೊಡ್ಡ ಭೂತಗನ್ನಡಿ ಇಟಗೊಂಡೀರಿ."

ಇಲ್ಲ ಎನ್ನಬಹುದಿತ್ತು. ನಾನಾಗಿದ್ದರೆ ಖಂಡಿತ ಎನ್ನುತ್ತಿದ್ದೆ, ಮೇಲೆ ಇನ್ನೆರಡು ಸೇರಿಸುತ್ತಿದ್ದೆ. ಅಂಬಣ್ಣನವರು "ಗೊತ್ತಾಗಿತ್ರಿ" ಎಂದರು.

"ಮತ್ತ?"

ಅಂಬಣ್ಣನವರು ಭೂತಗನ್ನಡಿಯನ್ನು ಮೇಜಿನ ಮೇಲೆ ಮಗುಚಿಟ್ಟರು. ನಾನು ಪರಿಸ್ಥಿತಿ ತಿಳಿಗೊಳಿಸಲು "ಎಕ್ಸಿಬಿಷನ್ನಿನಲ್ಲಿ ಇನ್ನೂ ಸಿಗುತ್ತವೆ ಬಿಡಿ" ಎಂದೆ. ಎಕ್ಸಿಬಿಷನ್ ಮುಗಿದು ಎಷ್ಟೋ ದಿನವಾಗಿತ್ತು.

"ನಾ ನಾಕ ಸಲ ಇಳದು ಹತ್ತಿ ಬಂದೆ, ನೀವು ನಾಕ ಸಲ ನೋಡಿಕೋತ ಕುಂತ್ರಿ" ಎಂದರು ಉಮಾಬಾಯಿ. ದನಿ ಏರಿರಲಿಲ್ಲ. "ಸೊಸಿ ಮೊದಲ ಹೇಳಿದ್ಲು, ಅತ್ತಿ, ದೇವರ ನೀರು ಸಿಂಕಿಗೆ ಹಾಕ್ರಿ ಅಂತ. ಎಂಜಲ ತಾಟು ತೊಳಿಯೂ ಜಾಗಾಕ್ಕ ಹೆಂಗ ಹಾಕ್ಲಿ ಅಂತ ಈ ಗಿಡ ಹಿಡಕೊಂಡು ಕುಂತಿದ್ದೆ. ಇನ್ನ ಮ್ಯಾಲ ಅಲ್ಲೇ ಹಾಕ್ಬೇಕಲ್ರಿ ಅಂಬಣ್ಣಾರ?"

ಕುಂಡವನ್ನು ಅಲ್ಲೇ ಬಿಟ್ಟು ಹೋದರು.

ಅಂದು ದವಾಖಾನೆ ಅರ್ಧಕ್ಕೇ ಮುಚ್ಚಿತು. ಅಂಬಣ್ಣನವರು ನಾಲ್ಕು ಎಲೆಗಳನ್ನೂ ದಂಟಿನಿಂದ ಪೂರ್ತಿಯಾಗಿ, ಬುಡ ಹರಿಯದಂತೆ ಬಿಡಿಸಿದರು. ಒಂದು ಆಗಲೇ ಕೊಳೆತಿತ್ತು. ಉಳಿದ ಮೂರನ್ನು ನೆರಳಿನಲ್ಲಿ ಕಾಗದದ ಮೇಲೆ ಮೂರು ದಿನ ಇಟ್ಟು, ಗಾಯ ಒಣಗಿದ ಮೇಲೆ, ಒಣ ಮರಳುಮಣ್ಣಿನ ತಟ್ಟೆಯ ಮೇಲೆ ಸುಮ್ಮನೆ ಮಲಗಿಸಿದರು. ಈ ಜಾತಿಯ ಗಿಡ ಒಂದು ಎಲೆಯಿಂದ ಮತ್ತೆ ಹುಟ್ಟುತ್ತದಂತೆ. ಬೇರು ಕಾಣುವವರೆಗೆ ನೀರು ಹಾಕಬಾರದು, ಅಲುಗಿಸಬಾರದು, ಸುಮ್ಮನೆ ಕಾಯಬೇಕು. ಅವರು ಬೆಳಗ್ಗೆ ಸಂಜೆ ತಟ್ಟೆಯ ಮುಂದೆ ಕೂರುತ್ತಿದ್ದರು. ಒಂಬತ್ತನೇ ದಿನ ಒಂದೆಲೆ ಕಪ್ಪಾಯಿತು. ಹದಿನಾಲ್ಕನೇ ದಿನ ಇನ್ನೊಂದು ಒಣದ್ರಾಕ್ಷಿಯಾಯಿತು. ಆ ದಿನಗಳಲ್ಲಿ ಅವರ ಬಳಿ ನನ್ನ ರೇಡಿಯೋ ಕನ್ನಡವೂ ಸದ್ದು ಮಾಡಲಿಲ್ಲ. ಇಪ್ಪತ್ತೆರಡನೇ ದಿನ ಉಳಿದೊಂದರ ಬುಡದಲ್ಲಿ ಗುಲಾಬಿ ಬಣ್ಣದ ದಾರದಂಥ ಬೇರು ಕಂಡಿತು. ಇನ್ನೆರಡು ವಾರಕ್ಕೆ ಅದರ ಪಕ್ಕ ಸಾಸಿವೆಯಷ್ಟು ದಪ್ಪದ ಎಲೆಗಳು ಸುತ್ತಿಕೊಂಡು ಕೂತವು. ಭೂತಗನ್ನಡಿಯಲ್ಲಿ ನೋಡಿದರೆ ಕಮಲವೇ.

"ರಾಯರ, ನೀವೂ ಬರ್ರಿ. ಒಬ್ಬನ ಹೋದ್ರ ಸರಿ ಕಾಣಂಗಿಲ್ಲ" ಎಂದು ನನ್ನನ್ನು ಸಿ ಬ್ಲಾಕಿಗೆ ಎಳೆದುಕೊಂಡು ಹೋದರು. ಇಸ್ತ್ರಿ ಅಂಗಿ, ಕೈಯಲ್ಲಿ ಚಹಾ ಕಪ್ಪಿನಷ್ಟು ಕುಂಡ. ಲಿಫ್ಟಿನಲ್ಲಿ ತುಟಿ ಅಲುಗುತ್ತಿತ್ತು. ಹೇಳಬೇಕಾದದ್ದನ್ನು ಬಾಯಿಪಾಠ ಮಾಡುತ್ತಿದ್ದರು.

ಬಾಗಿಲು ತೆರೆದದ್ದು ಸೊಸೆ ಸ್ನೇಹಲತಾ. ತೆಲುಗಿನ ಹುಡುಗಿ, ನಗುಮುಖದವಳು. ಒಳಗೆ ಕೂರಿಸಿ ನೀರು ಕೊಟ್ಟಳು. ಅವಳ ತಾಯಿಯೂ ಅಲ್ಲೇ ಇದ್ದರು. ಉಮಾಬಾಯಿ ಒಳಗಿನಿಂದ ಬಂದು, ಕುಂಡವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಆ ಪುಟ್ಟ ಎಲೆಗಳನ್ನು ನೋಡಿದರು. ಮುಖ ಅರಳಿತು. ಬಾಯಿ ತೆರೆದರು. ಬಂದದ್ದು ತೆಲುಗು.

"ಚಾಲಾ ಬಾಗುಂದಿ ಅನ್ನಯ್ಯಾ. ನೀಳ್ಳು ಎಪ್ಪುಡು ಪೊಯ್ಯಾಲಿ?"

ಬಹಳ ಚೆನ್ನಾಗಿದೆ ಅಣ್ಣಾ, ನೀರು ಯಾವಾಗ ಹಾಕಬೇಕು ಎಂದು. ಬೀಗಿತ್ತಿಯ ಎದುರು, ಅವರಿಗೆ ತಿಳಿಯದ ಭಾಷೆ ಆಡುವುದು ಮರ್ಯಾದೆಯಲ್ಲ. ಆ ಮನೆಯಲ್ಲಿ ಎಲ್ಲರಿಗೂ ತಿಳಿಯುವ ಭಾಷೆ ತೆಲುಗು. ಆದರೆ ಒಂದೊಂದು ಪದವನ್ನೂ ಅವರು ಮೆಟ್ಟಿಲಿಳಿಯುವಾಗ ಕಾಲಿಡುವಂತೆ ನೋಡಿ ನೋಡಿ ಇಡುತ್ತಿದ್ದರು. ಮಜ್ಜಿಗೆಯ ಜಗಳದಲ್ಲಿ ನನ್ನನ್ನೂ ಸೇರಿಸಿ ಇಬ್ಬರು ಗಂಡಸರ ಬಾಯಿ ಮುಚ್ಚಿಸುತ್ತಿದ್ದ ಹೆಂಗಸು ಇವರೇ ಎಂದು ನಂಬುವುದು ಕಷ್ಟವಾಯಿತು.

"ಪದಿಹೇನು ರೋಜುಲಕು ಒಕಸಾರಿ" ಎಂದರು ಅಂಬಣ್ಣ. ಹದಿನೈದು ದಿನಕ್ಕೊಮ್ಮೆ. ಲಿಫ್ಟಿನಲ್ಲಿ ಬಾಯಿಪಾಠ ಮಾಡಿದ್ದು ಕನ್ನಡದಲ್ಲಿತ್ತು, ಅದು ಅಲ್ಲೇ ಉಳಿಯಿತು. ಒಂದೇ ಹೊಳೆಯ ಎರಡು ದಂಡೆಯವರು ಕೊಂಡಾಪುರದ ಸೋಫಾದ ಮೇಲೆ ಕೂತು ತೆಲುಗಿನಲ್ಲಿ ಹತ್ತು ನಿಮಿಷ ಎಲೆಯ ವಿಷಯ ಮಾತಾಡಿದರು. ನಾನು ಬಿಸ್ಕತ್ತು ತಿಂದೆ.

ಹೊರಡುವಾಗ ಉಮಾಬಾಯಿ ಲಿಫ್ಟಿನವರೆಗೆ ಬಂದರು. ಬಾಗಿಲು ದಾಟಿದ ಕೂಡಲೇ ದನಿ ತಗ್ಗಿಸಿ, "ಆ ನಾಕ ಐತ್ವಾರ ನನಗ ಬ್ಯಾಸರ ಇರಲಿಲ್ರಿ ಅಂಬಣ್ಣಾರ" ಎಂದರು. "ಅದಕ್ಕ ಸಿಟ್ಟು ಜಾಸ್ತಿ ಬಂತು."

ಅಂಬಣ್ಣನವರು ಲಿಫ್ಟಿನ ಗುಂಡಿಯನ್ನು ಮೂರು ಸಲ ಒತ್ತಿದರು. ಆಮೇಲೆ ಗೋಡೆಗೆ ಹೇಳುವಂತೆ ಹೇಳಿದರು: "ನಮ್ಮ ಮನಿ ಮುಂದ ಒಂದು ದುಂಡುಮಲ್ಲಿಗಿ ಕುಂಡ ಐತ್ರಿ. ಅದಕ್ಕ ದಿನಾ ನೀರು ಬೇಕು, ಎಷ್ಟ ಹಾಕಿದ್ರೂ ಕುಡೀತೈತಿ. ದೇವರ ನೀರು ಸಿಂಕಿಗೆ ಯಾಕ್ರಿ?"

"ನೋಡ್ತೀನ್ರಿ" ಎಂದರು ಉಮಾಬಾಯಿ. ಒಳಗಿನಿಂದ ಸೊಸೆ ಕರೆದಳು, ಹೋದರು.

ಅಂಬಣ್ಣನವರ ಮನೆ ಮುಂದೆ ಮಲ್ಲಿಗೆ ಕುಂಡ ಇರಲೇ ಇಲ್ಲ. ಮರುದಿನ ಬೆಳಗ್ಗೆ ನರ್ಸರಿಗೆ ಹೋಗಿ ತಂದದ್ದು, ಹೊತ್ತು ತಂದವನು ನಾನು.

ಇದಾಗಿ ಹನ್ನೆರಡು ದಿನವಾಯಿತು. ಅಂಬಣ್ಣನವರು ಬೆಳಗ್ಗೆ ಏಳಕ್ಕೇ ಬಾಗಿಲು ತೆರೆದು ಮೊಗಸಾಲೆಯ ಕುರ್ಚಿಯಲ್ಲಿ ಕೂರುತ್ತಾರೆ. ಲಿಫ್ಟು ನಮ್ಮ ಮಹಡಿಯಲ್ಲಿ ನಿಂತಾಗಲೆಲ್ಲ ಪೇಪರ್ ಕೆಳಗಿಳಿಯುತ್ತದೆ. ಇಸ್ತ್ರಿಯವನು, ಕಸದವಳು, ನನ್ನ ಹೆಂಡತಿ. ಪೇಪರ್ ಮೇಲೇರುತ್ತದೆ. ಏಪ್ರಿಲ್ ಬಿಸಿಲಿಗೆ ಒಂಬತ್ತರ ಹೊತ್ತಿಗೆ ಮಲ್ಲಿಗೆಯ ಎಲೆ ಜೋಲುತ್ತದೆ. ಅದು ದಪ್ಪ ಎಲೆಯ ಜಾತಿಯಲ್ಲ, ಒಳಗೆ ನೀರು ಬಚ್ಚಿಟ್ಟುಕೊಂಡಿರುವುದಿಲ್ಲ. ಆದರೆ ಹತ್ತು ಗಂಟೆಯವರೆಗೂ ಅವರು ಅದಕ್ಕೆ ಹನಿ ನೀರು ಹಾಕುವುದಿಲ್ಲ. ಊರಿನವರ ಎಲೆಗಳನ್ನೆಲ್ಲ ನೋಡುವ ಮನುಷ್ಯ ತಮ್ಮ ಕಾಲಬುಡದ ಗಿಡವನ್ನು ದಿನಾ ಮೂರು ತಾಸು ಬಾಯಾರಿಸುತ್ತಿದ್ದಾರೆ.

ಇವತ್ತು ತಡೆಯಲಾರದೆ ಹೇಳಿದೆ, "ಅಂಬಣ್ಣನವರೇ, ಎಲೆ ಸೊರಗಿದೆ."

"ಕಾಣಾಕತ್ತೈತ್ರಿ."

ಹತ್ತು ಹೊಡೆದು ಐದು ನಿಮಿಷಕ್ಕೆ ಎದ್ದರು. ತಂಬಿಗೆಯಲ್ಲಿ ನೀರು ತಂದು, ಬುಡಕ್ಕೆ ಸುತ್ತಲೂ ಮೆಲ್ಲಗೆ ಹಾಕಿ, ಅರ್ಧಕ್ಕೆ ನಿಲ್ಲಿಸಿದರು.

"ಪೂರ್ತಿ ಹಾಕಿ, ಪಾಪ" ಎಂದೆ.

"ಇರ್ಲಿ ಬಿಡ್ರಿ" ಎಂದರು, ತಂಬಿಗೆಯನ್ನು ಕುರ್ಚಿಯ ಪಕ್ಕಕ್ಕಿಟ್ಟು. "ಒಂದ್ಯಾಳೆ ಬಂದ್ರಂದ್ರ, ದೇವರ ನೀರಿಗೂ ಜಾಗಾ ಬೇಕಲ್ರಿ."